ಎರಡು ಡಾಲರ್ ನೋಟು: ಕೈಗೆ ಬಂದರೂ ಖರ್ಚಾಗದ ದುಡ್ಡು

1976ರ ಏಪ್ರಿಲ್ 13, ಮಂಗಳವಾರ. ಅಮೆರಿಕದ ಎಷ್ಟೋ ಊರುಗಳಲ್ಲಿ ಬ್ಯಾಂಕಿನ ಬಾಗಿಲು ತೆರೆಯುವ ಮುಂಚೆಯೇ ಜನ ಸಾಲು ನಿಂತಿದ್ದರು. ಹತ್ತು ವರ್ಷದಿಂದ ಅಚ್ಚಾಗದೇ ಇದ್ದ ಎರಡು ಡಾಲರ್ ನೋಟು ಅವತ್ತು ಮತ್ತೆ ಬರುವುದಿತ್ತು. ನೋಟು ಕೈಗೆ ಸಿಕ್ಕ ಮೇಲೆ ಅವರಲ್ಲಿ ಬಹಳ ಜನ ಅಂಗಡಿಗೆ ಹೋಗಲಿಲ್ಲ. ಸೀದಾ ಅಂಚೆ ಕಚೇರಿಗೆ ಹೋದರು. ನೋಟಿನ ಮೇಲೆ 13 ಸೆಂಟಿನ ಅಂಚೆಚೀಟಿ ಅಂಟಿಸಿದರು. ಚೀಟಿಯ ಮೇಲೆ ಆ ದಿನದ ತಾರೀಕಿನ ಮುದ್ರೆ ಒತ್ತಿಸಿಕೊಂಡರು. ಮನೆಗೆ ತಂದು ಜೋಪಾನವಾಗಿ ಎತ್ತಿಟ್ಟರು.

ಅಂಚೆಚೀಟಿ ಅಂಟಿಸಿದ ನೋಟನ್ನು ಯಾರೂ ಕಾಫಿ ಕುಡಿದು ಕೊಡುವುದಿಲ್ಲ ಅಲ್ವಾ? ಕೈಯಿಂದ ಕೈಗೆ ಓಡಾಡಲಿ ಅಂತ ಸರ್ಕಾರ ಅಚ್ಚು ಹಾಕಿಸಿದ ನೋಟು ಮೊದಲ ದಿನವೇ ನೆನಪಿನ ಕಾಣಿಕೆ ಆಗಿಬಿಟ್ಟಿತು.

ನಾನು ಇಲ್ಲಿ ಬಿಡಿಸಿ ನೋಡಲು ಹೊರಟಿರುವುದು ಈ ಒಂದು ಪ್ರಸಂಗವನ್ನೇ. 1976ರಲ್ಲಿ ಮರಳಿ ಬಂದ ಎರಡು ಡಾಲರ್ ನೋಟು ಯಾಕೆ ಓಡಲಿಲ್ಲ, ಓಡದೇ ಇದ್ದದ್ದು ಹೇಗೆ ಒಂದು ಆಚರಣೆಯ ವಸ್ತುವಾಯಿತು ಅನ್ನುವುದು. ನೋಟು ಕಡಿಮೆ ಅಚ್ಚಾಗಿದ್ದರಿಂದ ಅಪರೂಪ ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಲೆಕ್ಕ ನೋಡಿದರೆ ಅದು ನಿಜವಲ್ಲ. ಜನ ಅದನ್ನು ಅಪರೂಪ ಅಂದುಕೊಂಡರು, ಹಾಗಾಗಿ ಅದು ಅಪರೂಪವಾಯಿತು. ಇದೇ ನನ್ನ ವಾದ.

ಮೊದಲೇ ಅಂಟಿದ್ದ ಕೆಟ್ಟ ಹೆಸರು

ಎರಡು ಡಾಲರ್ ಅನ್ನುವ ಮೌಲ್ಯ ಅಮೆರಿಕದಷ್ಟೇ ಹಳೆಯದು. 1776ರ ಜೂನ್ 25ರಂದು, ಅಂದರೆ ಸ್ವಾತಂತ್ರ್ಯ ಘೋಷಣೆಗೂ ಒಂಬತ್ತು ದಿನ ಮುಂಚೆ, ಅಲ್ಲಿನ ಕಾಂಗ್ರೆಸ್ ಸಭೆ ಎರಡು ಡಾಲರಿನ ಕಾಗದದ ಹಣಕ್ಕೆ ಒಪ್ಪಿಗೆ ಕೊಟ್ಟಿತ್ತು. ಈಗಿನ ಒಕ್ಕೂಟ ಸರ್ಕಾರ ಮೊದಲ ಸಲ ಈ ನೋಟು ಹೊರಡಿಸಿದ್ದು 1862ರಲ್ಲಿ. ಆಗ ಅದರ ಮೇಲಿದ್ದದ್ದು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಚಿತ್ರ. 1869ರಲ್ಲಿ ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಬಂದರು. 1928ರಲ್ಲಿ ಅಮೆರಿಕದ ಎಲ್ಲ ನೋಟುಗಳ ಅಳತೆ ಚಿಕ್ಕದಾದಾಗ ಮುಂದೆ ಜೆಫರ್ಸನ್, ಹಿಂದೆ ಅವರ ಮನೆ ಮಾಂಟಿಚೆಲ್ಲೊ ಅಂತ ನಿಗದಿಯಾಯಿತು.

ಹೀಗೆ ನೋಟಿಗೆ ಕುಲ ಗೋತ್ರ ಎಲ್ಲ ಚೆನ್ನಾಗಿಯೇ ಇತ್ತು. ಹೆಸರು ಮಾತ್ರ ಕೆಟ್ಟಿತ್ತು.

ಕೆಡಲು ಕಾರಣಗಳು ಹಲವು, ಎಲ್ಲವೂ ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ. ಇಸ್ಪೀಟಿನಲ್ಲಿ ಎರಡರ ಎಲೆಗೆ ಅಲ್ಲಿ ಡ್ಯೂಸ್ ಅನ್ನುತ್ತಾರೆ. ಅದು ಎಲ್ಲಕ್ಕಿಂತ ಕೆಳಗಿನ ಎಲೆ. ಅದೇ ಪದ ಹಳೆಯ ಇಂಗ್ಲಿಷಿನ ಬೈಗುಳದಲ್ಲಿ ಸೈತಾನನ ಹೆಸರೂ ಹೌದು. ಕುದುರೆ ರೇಸಿನಲ್ಲಿ ಮಾಮೂಲಿ ಬಾಜಿ ಅಂದರೆ ಎರಡು ಡಾಲರ್. ಇವತ್ತಿಗೂ ಅಮೆರಿಕದ ರೇಸ್ ಮೈದಾನಗಳಲ್ಲಿ ಗೆದ್ದ ಕುದುರೆಗೆ ಎಷ್ಟು ಸಿಗುತ್ತದೆ ಅಂತ ಫಲಕದ ಮೇಲೆ ಹಾಕುವುದು ಎರಡು ಡಾಲರಿನ ಲೆಕ್ಕದಲ್ಲೇ. ಜೇಬಿನಲ್ಲಿ ಎರಡರ ನೋಟು ಇದೆ ಅಂದರೆ ಆಸಾಮಿ ರೇಸಿನಿಂದ ಬಂದಿದ್ದಾನೆ ಅಂತ ನೋಡಿದವರು ಅಂದುಕೊಳ್ಳುತ್ತಿದ್ದರು. ವೋಟಿಗೆ ಕೊಡುವ ಲಂಚ ಎರಡು ಡಾಲರ್ ಅನ್ನುವ ಮಾತಿತ್ತು. ವೇಶ್ಯಾಗೃಹದ ದರವೂ ಅಷ್ಟೇ ಅನ್ನುವ ಮಾತಿತ್ತು. ಹಾಗಾಗಿ ಮರ್ಯಾದಸ್ಥರು ಈ ನೋಟನ್ನು ನಾಲ್ಕು ಜನರ ಎದುರು ಜೇಬಿನಿಂದ ತೆಗೆಯಲು ಹಿಂಜರಿಯುತ್ತಿದ್ದರು.

ಅಪಶಕುನ ಇದ್ದ ಕಡೆ ಪರಿಹಾರವೂ ಇರುತ್ತದೆ. ಇಲ್ಲಿನ ಪರಿಹಾರ ನೋಟಿನ ಒಂದು ಮೂಲೆ ಹರಿಯುವುದು. ಮೂಲೆಯಿಂದ ಬರುವ ತುಂಡಿಗೆ ಮೂರು ಅಂಚು. ಎರಡರ ದೋಷವನ್ನು ಮೂರು ಕಳೆಯುತ್ತದೆ ಅನ್ನುವುದು ನಂಬಿಕೆ. ಕೆಲವರು ನೋಟಿಗೆ ಮುತ್ತು ಕೊಟ್ಟು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮೂಲೆ ಹರಿಯುವ ಪದ್ಧತಿಯಲ್ಲಿ ಒಂದು ತೊಡಕಿದೆ. ನೋಟಿಗೆ ಇರುವುದೇ ನಾಲ್ಕು ಮೂಲೆ. ಒಬ್ಬೊಬ್ಬರು ಒಂದೊಂದು ಹರಿದರೆ ನಾಲ್ಕನೆಯವನ ಹೊತ್ತಿಗೆ ನಾಲ್ಕೂ ಮುಗಿಯಿತು. ಐದನೆಯವನ ಪಾಲಿಗೆ ಬರುವ ನೋಟಿನ ದೋಷಕ್ಕೆ ಪರಿಹಾರವೇ ಇಲ್ಲ.

ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಎರಡು ನೋಟುಗಳಿವೆ. ಎರಡೂ ಉಡುಗೊರೆಯಾಗಿ ಬಂದವು. ಒಂದು 1953ರ ಸರಣಿಯದು. ಬಲಗಡೆ ಕೆಂಪು ಮುದ್ರೆ, ನಂಬರೂ ಕೆಂಪು. ಕಾಗದ ಮೆತ್ತಗಾಗಿದೆ, ಹಳೆಯ ಹತ್ತಿ ಬಟ್ಟೆಯ ಹಾಗೆ. ಅಮೆರಿಕದ ನೋಟಿನ ಕಾಗದದಲ್ಲಿ ಮುಕ್ಕಾಲು ಪಾಲು ಹತ್ತಿ, ಕಾಲು ಪಾಲು ನಾರಗಸೆ. ಹಾಗಾಗಿ ಅದು ಹಳತಾಗುವುದೂ ಬಟ್ಟೆಯಂತೆಯೇ. ಈ ನೋಟಿನ ಮೇಲ್ತುದಿಯ ಎಡಮೂಲೆ ಇಲ್ಲ. ಸವೆದು ಹೋದದ್ದಲ್ಲ. ಸವೆದರೆ ಅಂಚು ದುಂಡಗಾಗುತ್ತದೆ. ಇಲ್ಲಿ ಅಂಚು ನೇರವಾಗಿದೆ, ಸಣ್ಣ ನಾರುಗಳು ಹೊರಗೆ ಚಾಚಿವೆ. ಮಡಚಿ, ಉಗುರಿನಿಂದ ಗೀಚಿ, ಬೇಕಂತಲೇ ಹರಿದ ಗುರುತು. ಯಾರೋ ಒಬ್ಬರು ಒಂದು ದಿನ ಇದನ್ನು ಕೈಯಲ್ಲಿ ಹಿಡಿದು, ಒಳ್ಳೆಯದಾಗಲಿ ಅಂದುಕೊಂಡು ಹರಿದಿದ್ದಾರೆ. ಈ ಖಾಲಿ ಮೂಲೆಯನ್ನು ನೋಡಿದಾಗಲೆಲ್ಲ ಆ ಕೈಯನ್ನು ನೆನೆಯುತ್ತೇನೆ.

ಕಾನೂನಿನ ಕಣ್ಣಲ್ಲಿ ಇದು ಅಷ್ಟು ಸಲೀಸಲ್ಲ. ನೋಟು ಮತ್ತೆ ಚಲಾವಣೆಗೆ ಬಾರದಂತೆ ಮಾಡುವ ಉದ್ದೇಶದಿಂದ ಹರಿದರೆ, ಕತ್ತರಿಸಿದರೆ ಅಮೆರಿಕದಲ್ಲಿ ಅದು ಅಪರಾಧ. ಮೂಲೆ ಹರಿದವರಿಗೆ ಆ ಉದ್ದೇಶ ಇರಲಿಲ್ಲ. ಅವರಿಗೆ ಬೇಕಾಗಿದ್ದು ನೋಟು ಓಡಾಡುವುದೇ, ಆದರೆ ದೋಷ ಕಳೆದುಕೊಂಡು. ಪರಿಣಾಮ ಮಾತ್ರ ತಿರುಗಾಮುರುಗಾ ಆಯಿತು. ಹರಿದ ನೋಟು ನೋಡಿದವರಿಗೆ ಇನ್ನಷ್ಟು ಅನುಮಾನ. ಬ್ಯಾಂಕಿಗೆ ಬಂದರೆ ಕೆಟ್ಟ ನೋಟಿನ ಕಂತೆಗೆ.

1966ರ ಆಗಸ್ಟಿನಲ್ಲಿ ಖಜಾನೆ ಇಲಾಖೆ ಅಚ್ಚು ನಿಲ್ಲಿಸಿತು. ಯಾರೂ ಕೇಳುತ್ತಿಲ್ಲ ಅನ್ನುವುದೇ ಕೊಟ್ಟ ಕಾರಣ.

ಲೆಕ್ಕ ಸರಿ ಇತ್ತು

ಮತ್ತೆ ಯಾಕೆ ತಂದರು? ಖರ್ಚು ಉಳಿಸಲು. ಅಮೆರಿಕದಲ್ಲಿ ಆಗ ಅತಿ ಹೆಚ್ಚು ಕೈ ಬದಲಾಯಿಸುತ್ತಿದ್ದದ್ದು, ಬೇಗ ಸವೆಯುತ್ತಿದ್ದದ್ದು ಒಂದು ಡಾಲರ್ ನೋಟು. ಸವೆದದ್ದನ್ನು ನಾಶ ಮಾಡಿ ಹೊಸದು ಅಚ್ಚು ಹಾಕುತ್ತಲೇ ಇರಬೇಕಿತ್ತು. ಎರಡು ಒಂದರ ನೋಟಿನ ಕೆಲಸವನ್ನು ಒಂದು ಎರಡರ ನೋಟು ಮಾಡಿದರೆ ಕಾಗದ, ಶಾಯಿ, ಸಾಗಣೆ, ಎಣಿಕೆ ಎಲ್ಲವೂ ಅರ್ಧ. ಒಂದರ ನೋಟುಗಳಲ್ಲಿ ಅರ್ಧದಷ್ಟನ್ನಾದರೂ ಇದು ತೆಗೆದುಹಾಕುತ್ತದೆ ಅಂತ ಇಲಾಖೆಯ ಆಸೆ ಇತ್ತು.

1975ರ ನವೆಂಬರಿನಲ್ಲಿ ಖಜಾನೆ ಕಾರ್ಯದರ್ಶಿ ವಿಲಿಯಂ ಸೈಮನ್ ಸುದ್ದಿ ಪ್ರಕಟಿಸಿದರು. ಬಿಡುಗಡೆಗೆ ಜೆಫರ್ಸನ್ ಹುಟ್ಟಿದ ದಿನವನ್ನೇ ಆರಿಸಿದರು. ಸ್ವಾತಂತ್ರ್ಯದ 200ನೇ ವರ್ಷ ಬೇರೆ. ಹಿಂಬದಿಯಿಂದ ಮಾಂಟಿಚೆಲ್ಲೊ ತೆಗೆದು, ಜಾನ್ ಟ್ರಂಬುಲ್ ಬಿಡಿಸಿದ ಸ್ವಾತಂತ್ರ್ಯ ಘೋಷಣೆಯ ಚಿತ್ರ ಹಾಕಿದರು. ಆ ಚಿತ್ರ ಸಹಿ ಹಾಕುತ್ತಿರುವುದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಐವರ ಸಮಿತಿ ಕರಡನ್ನು ಸಭೆಯ ಮುಂದೆ ಇಡುತ್ತಿರುವ ಗಳಿಗೆ ಅದು. ನೋಟಿನ ಅಗಲಕ್ಕೆ ಹೊಂದಲಿ ಅಂತ ಚಿತ್ರದ ಅಂಚಿನಲ್ಲಿದ್ದ ಕೆಲವರನ್ನು ಬಿಡಬೇಕಾಯಿತು.

ನನ್ನ ಎರಡನೇ ನೋಟು ಈ ಸರಣಿಯದು. ಮುದ್ರೆ ಹಸಿರು. ಕಾಗದ ಗರಿಗರಿ. ಸುಮಾರು ಐವತ್ತು ವರ್ಷ ವಯಸ್ಸಾಗಿದ್ದರೂ ಮಧ್ಯದಲ್ಲಿ ಒಂದು ಮಡಿಕೆ ಬಿಟ್ಟರೆ ಬೇರೆ ಗೆರೆಯಿಲ್ಲ. 1953ರದ್ದರ ಪಕ್ಕದಲ್ಲಿಟ್ಟರೆ ಕಥೆ ಗೊತ್ತಾಗುತ್ತದೆ. ಕೆಟ್ಟ ಹೆಸರಿದ್ದ ನೋಟು ಓಡಾಡಿ ಸವೆದಿದೆ. ಮೆರವಣಿಗೆ ಮಾಡಿ ತಂದ ನೋಟು ಹೊರಗೇ ಬಂದಿಲ್ಲ.

1976ರ ಸರಣಿಯಲ್ಲಿ ಅಚ್ಚಾದ ನೋಟುಗಳು ಹತ್ತಿರ ಹತ್ತಿರ 59 ಕೋಟಿ. ಆಗ ಅಮೆರಿಕದ ಜನಸಂಖ್ಯೆ 22 ಕೋಟಿಯ ಆಸುಪಾಸು. ಹುಟ್ಟಿದ ಕೂಸನ್ನೂ ಸೇರಿಸಿಕೊಂಡು ತಲೆಗೆ ಎರಡೂವರೆ ನೋಟಿಗಿಂತ ಜಾಸ್ತಿ! ಅಪರೂಪ ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಲೆಕ್ಕವನ್ನೇ.

ಹಾಗಿದ್ದರೆ ಎಲ್ಲಿ ಹೋದವು?

ಅಂಗಡಿಯ ಗಲ್ಲಾ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಅಮೆರಿಕದ ಗಲ್ಲಾ ಡ್ರಾಯರಿನಲ್ಲಿ ಒಂದು, ಐದು, ಹತ್ತು, ಇಪ್ಪತ್ತರ ನೋಟಿಗೆ ಒಂದೊಂದು ಖಾನೆ. ಎರಡಕ್ಕೆ ಖಾನೆಯೇ ಇಲ್ಲ. ಯಾರಾದರೂ ಎರಡರ ನೋಟು ಕೊಟ್ಟರೆ ಕ್ಯಾಷಿಯರ್ ಅದನ್ನು ಟ್ರೇ ಎತ್ತಿ, ಚೆಕ್ಕು ಮತ್ತು ದೊಡ್ಡ ನೋಟುಗಳ ಜೊತೆ ಕೆಳಗೆ ತಳ್ಳುತ್ತಾರೆ. ಕೆಳಗೆ ಹೋದದ್ದು ಚಿಲ್ಲರೆಯಾಗಿ ಮೇಲೆ ಬರುವುದಿಲ್ಲ. ಸಂಜೆ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕಿನಲ್ಲಿ ಕೇಳುವವರಿಲ್ಲ, ಹಾಗಾಗಿ ಬ್ಯಾಂಕು ಹೊಸದು ತರಿಸುವುದಿಲ್ಲ. ತರಿಸದ ಮೇಲೆ ಜನರ ಕಣ್ಣಿಗೆ ಬೀಳುವುದಿಲ್ಲ. ಎಂದೋ ಒಮ್ಮೆ ಕಣ್ಣಿಗೆ ಬಿದ್ದಾಗ, ಅರೆ, ಇದು ಅಪರೂಪ ಅಂತ ಎತ್ತಿಡುತ್ತಾರೆ. ಹಾಗೆ ಎತ್ತಿಟ್ಟ ಪ್ರತಿ ನೋಟೂ ಉಳಿದವುಗಳನ್ನು ಇನ್ನಷ್ಟು ಅಪರೂಪ ಮಾಡುತ್ತದೆ.

ಒಂದು ಖಾನೆ ಇಲ್ಲದ್ದಕ್ಕೆ ಇಷ್ಟೆಲ್ಲಾ ಆಗುತ್ತದಾ ಅನ್ನಿಸಬಹುದು. ಪಕ್ಕದ ದೇಶ ನೋಡಿ. ಕೆನಡಾದಲ್ಲೂ ಎರಡು ಡಾಲರ್ ನೋಟಿತ್ತು. 1996ರಲ್ಲಿ ಅದರ ಬದಲು ನಾಣ್ಯ ಬರುವವರೆಗೂ ಅದು ದಿನಬಳಕೆಯ ಸಾಮಾನ್ಯ ನೋಟು. ಜನ ಅದರಲ್ಲೇ ಹಾಲು ಬ್ರೆಡ್ಡು ತಂದರು, ಚಿಲ್ಲರೆ ಪಡೆದರು. ಅಂದಮೇಲೆ ಎರಡು ಅನ್ನುವ ಅಂಕಿಯಲ್ಲಿ ದೋಷವಿಲ್ಲ. ಅಭ್ಯಾಸ ಒಂದು ಕಡೆ ಬೆಳೆಯಿತು, ಇನ್ನೊಂದು ಕಡೆ ಬೆಳೆಯಲಿಲ್ಲ.

ಅಚ್ಚು ನಿಂತುಹೋಗಿದೆ ಅನ್ನುವುದು ಇನ್ನೊಂದು ಗಟ್ಟಿ ನಂಬಿಕೆ. ಇದಕ್ಕೆ ಸ್ವಲ್ಪ ಆಧಾರವಿದೆ. 1976ರ ನಂತರದ ಸರಣಿ ಬಂದದ್ದು 1995ರದ್ದೇ. ಅಷ್ಟು ವರ್ಷ ಹೊಸ ಮುಖ ಕಾಣದಿದ್ದರೆ ನಿಂತಿತು ಅಂದುಕೊಳ್ಳುವುದು ಸಹಜ. ಆಮೇಲೆ 2003, 2009, 2013, 2017 ಅಂತ ಸರಣಿಗಳು ಬಂದಿವೆ. 2017ರಲ್ಲಿ ಚಲಾವಣೆಯಲ್ಲಿದ್ದ ಎರಡರ ನೋಟುಗಳು ಸುಮಾರು 120 ಕೋಟಿ. ಚಲಾವಣೆ ಅನ್ನುವುದು ಲೆಕ್ಕದ ಪುಸ್ತಕದ ಮಾತು. ಅದರಲ್ಲಿ ಬೀರುವಿನಲ್ಲಿ ಮಲಗಿರುವುದೂ ಸೇರುತ್ತದೆ.

ಹುಲಿಹೆಜ್ಜೆಯ ನೋಟು

ಇಲ್ಲಿಯವರೆಗೆ ಹೇಳಿದ್ದು ಎತ್ತಿಟ್ಟವರ ಕಥೆ. ಈ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಭಾಗ ಖರ್ಚು ಮಾಡಿದವರದು.

ದಕ್ಷಿಣ ಕ್ಯಾರೊಲಿನಾದಲ್ಲಿ ಕ್ಲೆಮ್ಸನ್ ಅನ್ನುವ ಪುಟ್ಟ ಊರು. ಅಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯ. ಅದರ ಅಮೆರಿಕನ್ ಫುಟ್‌ಬಾಲ್ ತಂಡದ ಹೆಸರು ಟೈಗರ್ಸ್, ಗುರುತು ಕಿತ್ತಳೆ ಬಣ್ಣದ ಹುಲಿಹೆಜ್ಜೆ. ಪಕ್ಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ ಜಾರ್ಜಿಯಾ ಟೆಕ್ ಅನ್ನುವ ಇನ್ನೊಂದು ವಿಶ್ವವಿದ್ಯಾಲಯ. ಎರಡು ತಂಡಗಳ ನಡುವೆ 1898ರಿಂದ ಪೈಪೋಟಿ. ಬಹುತೇಕ ಪಂದ್ಯಗಳು ನಡೆದದ್ದು ಅಟ್ಲಾಂಟಾದಲ್ಲೇ. ಕ್ಲೆಮ್ಸನ್ ಅಭಿಮಾನಿಗಳು ಸುಮಾರು 200 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಬಂದು, ಉಳಿದು, ಉಂಡು, ಖರ್ಚು ಮಾಡಿ ಹೋಗುತ್ತಿದ್ದರು.

1977ರ ನಂತರ ಕ್ಲೆಮ್ಸನ್ ಜೊತೆ ಆಡುವುದನ್ನು ನಿಲ್ಲಿಸುತ್ತೇವೆ ಅಂತ ಜಾರ್ಜಿಯಾ ಟೆಕ್ ತೀರ್ಮಾನಿಸಿತು. ಕ್ಲೆಮ್ಸನ್ ಜನಕ್ಕೆ ಇದು ನೋವಾಯಿತು. ಚಿಕ್ಕ ಊರಿನವರು ಅಂತ ಕಡೆಗಣಿಸಿದ ಹಾಗೆ ಕಂಡಿತು.

ಕ್ಲೆಮ್ಸನ್ ತಂಡಕ್ಕೆ ದೇಣಿಗೆ ಎತ್ತುವ ಒಂದು ಸಂಘವಿದೆ, ಐಪ್ಟೇ ಅಂತ. 1934ರಲ್ಲಿ ಶುರುವಾದದ್ದು. ವರ್ಷಕ್ಕೆ ಹತ್ತು ಡಾಲರ್ ಕೊಡುತ್ತೇನೆ ಅನ್ನುವ ಮಾತಿನ ಇಂಗ್ಲಿಷ್ ಮೊದಲಕ್ಷರಗಳೇ ಆ ಹೆಸರು. ಅದನ್ನು ಆಗ ನಡೆಸುತ್ತಿದ್ದ ಜಾರ್ಜ್ ಬೆನೆಟ್ ಅವರಿಗೆ ಒಂದು ಉಪಾಯ ಹೊಳೆಯಿತು. ಅಟ್ಲಾಂಟಾಕ್ಕೆ ಹೋಗುವವರೆಲ್ಲ ಎರಡು ಡಾಲರ್ ನೋಟುಗಳನ್ನೇ ಒಯ್ಯಿರಿ. ಪ್ರತಿ ನೋಟಿನ ಮೇಲೆ ಹುಲಿಹೆಜ್ಜೆಯ ಮುದ್ರೆ ಒತ್ತಿ. ಹೋಟೆಲು, ಪೆಟ್ರೋಲು, ಊಟ, ಎಲ್ಲಕ್ಕೂ ಅದನ್ನೇ ಕೊಡಿ. ನಾವು ಬರದಿದ್ದರೆ ಆ ನಗರ ಏನು ಕಳೆದುಕೊಳ್ಳುತ್ತದೆ ಅಂತ ಅವರಿಗೇ ಕಾಣಲಿ.

ಹಿಂದಿನ ವರ್ಷವಷ್ಟೇ ಬಂದ ನೋಟು. ಬ್ಯಾಂಕುಗಳಲ್ಲಿ ಯಾರೂ ಮುಟ್ಟದ ಕಂತೆ ಕಂತೆ ಬಿದ್ದಿದ್ದವು. ಅಭಿಮಾನಿಗಳು ಹೋಗಿ ತಂದರು. ಜೆಫರ್ಸನ್ ಪಕ್ಕದಲ್ಲಿ ಕಿತ್ತಳೆ ಹೆಜ್ಜೆ ಮೂಡಿತು. 1977ರ ಸೆಪ್ಟೆಂಬರ್ 24, ಶನಿವಾರ, ಅಟ್ಲಾಂಟಾದ ಮೈದಾನದಲ್ಲಿ ಕ್ಲೆಮ್ಸನ್ 31, ಜಾರ್ಜಿಯಾ ಟೆಕ್ 14. ಊರಿನ ಗಲ್ಲಾಗಳಲ್ಲಿ ಹುಲಿಹೆಜ್ಜೆ.

ಈ ಉಪಾಯದ ಜಾಣತನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇದೇ ಜನ ಇದೇ ಹಣವನ್ನು ಇಪ್ಪತ್ತರ ನೋಟಿನಲ್ಲಿ ಕೊಟ್ಟಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಸಾಮಾನ್ಯ ನೋಟಿಗೆ ಬಾಯಿಲ್ಲ. ಅದು ಯಾರಿಂದ ಬಂತು ಅಂತ ಹೇಳುವುದಿಲ್ಲ. ಹಣದ ಗುಣವೇ ಅದು. ಇನ್ನೊಂದು ಕಡೆ, ನಿಜಕ್ಕೂ ಸಿಗದ ನೋಟಾಗಿದ್ದರೆ ಸಾವಿರಾರು ಜನ ಕೈತುಂಬ ಒಯ್ಯಲು ಆಗುತ್ತಿರಲಿಲ್ಲ. ಎರಡರ ನೋಟು ಈ ಎರಡರ ನಡುವೆ ಇತ್ತು. ಕೇಳಿದರೆ ಯಾವ ಬ್ಯಾಂಕಿನಲ್ಲಾದರೂ ಮುಖಬೆಲೆಗೇ ಸಿಗುತ್ತದೆ. ಆದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಅದನ್ನು ಕೊಟ್ಟವರನ್ನು ಅಂಗಡಿಯವರು ನೆನಪಿಟ್ಟುಕೊಳ್ಳುತ್ತಾರೆ. ಗಲ್ಲಾದಲ್ಲಿ ಖಾನೆ ಇಲ್ಲದ ಅದೇ ತೊಂದರೆ ಇಲ್ಲಿ ಉಪಯೋಗಕ್ಕೆ ಬಂತು. ಪ್ರತಿ ನೋಟಿಗೂ ಕ್ಯಾಷಿಯರ್ ಒಂದು ಗಳಿಗೆ ನಿಲ್ಲಬೇಕು, ಟ್ರೇ ಎತ್ತಬೇಕು, ಎಲ್ಲಿಡಲಿ ಅಂತ ಯೋಚಿಸಬೇಕು. ಆ ನಿಂತ ಗಳಿಗೆಯಲ್ಲೇ ಕ್ಲೆಮ್ಸನ್ನಿನವರು ಹೇಳಬೇಕಾದ್ದು ತಲುಪಿತು.

ಪಂದ್ಯ ಉಳಿಯಿತಾ? ಆಗ ಉಳಿಯಲಿಲ್ಲ. ಮುಂದಿನ ಕೆಲವು ವರ್ಷ ಎರಡು ತಂಡಗಳು ಆಡಲೇ ಇಲ್ಲ. ಮತ್ತೆ ಶುರುವಾದದ್ದು 1983ರಲ್ಲಿ, ಜಾರ್ಜಿಯಾ ಟೆಕ್ ಫುಟ್‌ಬಾಲಿನಲ್ಲೂ ಕ್ಲೆಮ್ಸನ್ ಇದ್ದ ಕೂಟಕ್ಕೇ ಸೇರಿಕೊಂಡಾಗ. ಹುಲಿಹೆಜ್ಜೆ ನೋಟಿಂದ ಪಂದ್ಯ ಮರಳಿತು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆದರೆ ಒಂದು ಪದ್ಧತಿ ಹುಟ್ಟಿತು. ಬೇರೆ ಊರಿನಲ್ಲಿ ದೊಡ್ಡ ಪಂದ್ಯ ಇದ್ದಾಗ ಕ್ಲೆಮ್ಸನ್ ಅಭಿಮಾನಿಗಳು ಇವತ್ತಿಗೂ ಎರಡರ ನೋಟು ತರಿಸಿ, ಹೆಜ್ಜೆ ಒತ್ತಿ, ಒಯ್ಯುತ್ತಾರೆ. ಕಾರಣವಾಗಿದ್ದ ಜಗಳ ಮುಗಿದು ಎಷ್ಟೋ ವರ್ಷವಾಯಿತು. ಆ ಜಗಳ ನೋಡಿರದ ಮಕ್ಕಳು, ಮೊಮ್ಮಕ್ಕಳು ಮುದ್ರೆ ಒತ್ತುತ್ತಾರೆ. ನಮ್ಮ ಮನೆಯಲ್ಲಿ ಹೀಗೆ ಮಾಡುತ್ತೇವೆ ಅನ್ನುವುದೇ ಈಗ ಅವರಿಗೆ ಸಾಕಾದ ಕಾರಣ.

1976ರಲ್ಲಿ ಸರ್ಕಾರ ಬಯಸಿದ್ದ ಕೆಲಸವನ್ನು ಕೊನೆಗೂ ಮಾಡಿದ್ದು ಇವರು. ನೋಟನ್ನು ನಿಜಕ್ಕೂ ಓಡಿಸಿದರು. ಅದೂ ಅಪರೂಪ ಅನ್ನುವ ನಂಬಿಕೆಯನ್ನೇ ಹಿಡಿದುಕೊಂಡು.

ನಂಬಿಕೆಯ ಪೆಟ್ಟು

ಎಲ್ಲ ಕಡೆ ಇಷ್ಟು ಚೆನ್ನಾಗಿ ಆಗಲಿಲ್ಲ. ನೋಡಿ ಅಭ್ಯಾಸವಿಲ್ಲದ ನೋಟು ಖೋಟಾ ಥರ ಕಾಣುತ್ತದೆ.

2005ರಲ್ಲಿ ಮೇರಿಲ್ಯಾಂಡಿನ ಬಾಲ್ಟಿಮೋರ್ ಹತ್ತಿರ ಒಬ್ಬರು ಒಂದು ದೊಡ್ಡ ಅಂಗಡಿಯಲ್ಲಿ 114 ಡಾಲರ್ ಕಟ್ಟಬೇಕಿತ್ತು. ಅವರಿಗೆ ಎರಡರ ನೋಟು ಅಂದರೆ ಇಷ್ಟ, ಬ್ಯಾಂಕಿನಿಂದ ಕಂತೆ ತಂದು ಇಟ್ಟುಕೊಳ್ಳುತ್ತಿದ್ದರು. 57 ನೋಟು ಎಣಿಸಿ ಕೊಟ್ಟರು. ನಂಬರುಗಳು ಒಂದರ ಹಿಂದೆ ಒಂದು ಸಾಲಾಗಿವೆ, ಶಾಯಿ ಸ್ವಲ್ಪ ಮೆತ್ತಿದೆ ಅಂತ ಅಂಗಡಿಯವರಿಗೆ ಅನುಮಾನ ಬಂತು. ಪೊಲೀಸರು ಬಂದು ಬೇಡಿ ಹಾಕಿ ಕರೆದುಕೊಂಡು ಹೋದರು. ಖೋಟಾ ನೋಟಿನ ತನಿಖೆ ಮಾಡುವ ಸೀಕ್ರೆಟ್ ಸರ್ವಿಸ್ ನೋಡಿ, ಎಲ್ಲವೂ ಅಸಲಿ ಅಂತ ಹೇಳಿದ ಮೇಲೆ ಬಿಟ್ಟರು. ಹೊಸ ಕಂತೆಯಲ್ಲಿ ನಂಬರು ಸಾಲಾಗಿಯೇ ಇರುತ್ತದೆ. ಇಪ್ಪತ್ತರ ಹೊಸ ಕಂತೆ ಕೊಟ್ಟಿದ್ದರೆ ಯಾರೂ ನಂಬರು ನೋಡುತ್ತಲೇ ಇರಲಿಲ್ಲ.

2016ರಲ್ಲಿ ಸುದ್ದಿಯಾದದ್ದು ಇನ್ನೂ ಬೇಸರದ ವಿಷಯ. ಟೆಕ್ಸಾಸಿನ ಒಂದು ಶಾಲೆಯಲ್ಲಿ 13 ವರ್ಷದ ಹುಡುಗಿ ಮಧ್ಯಾಹ್ನದ ಊಟಕ್ಕೆ ಎರಡರ ನೋಟು ಕೊಟ್ಟಳು. ಅಜ್ಜಿ ಕೊಟ್ಟಿದ್ದ ನೋಟು. ಖೋಟಾ ಪತ್ತೆ ಮಾಡುವ ಪೆನ್ನಿನಿಂದ ಗೀಚಿದರು, ಸರಿ ಬರಲಿಲ್ಲ. ಮಗುವನ್ನು ಪೊಲೀಸರ ಮುಂದೆ ಕೂರಿಸಿದರು. ಕೊನೆಗೆ ಬ್ಯಾಂಕಿಗೆ ಒಯ್ದು ನೋಡಿದರೆ ನೋಟು ಅಸಲಿ. 1953ರ ಸರಣಿಯದು. ಅಷ್ಟು ಹಳೆಯ ನೋಟಿಗೆ ಆ ಪೆನ್ನು ನಂಬುವಂಥದ್ದಲ್ಲ. ಊಟ ತಪ್ಪಿದ್ದು ಮಗುವಿಗೆ.

ಈ ಎರಡು ಪ್ರಸಂಗ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕಾನೂನಿನ ಪ್ರಕಾರ ಅದು ಒಂದರ ನೋಟಿನಷ್ಟೇ ಅಸಲಿ ಹಣ. ಅದು ಹೇಗಿರುತ್ತದೆ ಅಂತ ಗಲ್ಲಾ ಮುಂದೆ ಕೂರುವವರಿಗೆ ಒಮ್ಮೆ ತೋರಿಸಿದ್ದರೆ ಸಾಕಿತ್ತು.

ಬೆಲೆಯ ಬಗ್ಗೆಯೂ ಒಂದು ಮಾತು. ಮನೆಯಲ್ಲಿ ಎರಡರ ನೋಟಿದೆ, ಸಾವಿರಾರು ಡಾಲರ್ ಬರುತ್ತದಂತೆ ಅಂತ ಕೇಳುವವರು ಬಹಳ. ಬಳಸಿದ 1976ರ ನೋಟಿಗೆ ಸಿಗುವುದು ಎರಡು ಡಾಲರ್. ಅಂಚೆ ಮುದ್ರೆ ಇದ್ದರೆ ಸ್ವಲ್ಪ ಜಾಸ್ತಿ. ಸಂಗ್ರಹಕಾರರು ನಿಜಕ್ಕೂ ಹುಡುಕುವುದು 1928ಕ್ಕಿಂತ ಮುಂಚಿನ ದೊಡ್ಡ ಅಳತೆಯವನ್ನು. ಅವುಗಳಲ್ಲಿ 1870ರ ದಶಕದ ಒಂದು ನೋಟಿಗೆ ಲೇಜಿ ಡ್ಯೂಸ್ ಅಂತ ಅಡ್ಡಹೆಸರಿದೆ. ಅದರಲ್ಲಿ ಎರಡರ ದೊಡ್ಡ ಅಂಕಿ ನಿಂತಿಲ್ಲ, ಉದ್ದಕ್ಕೆ ಮಲಗಿದೆ.

ಊರು ಬದಲಾದರೆ ಶಕುನವೂ

ಸೋಜಿಗ ಅಂದರೆ, ಇದೇ ನೋಟು ಸಮುದ್ರ ದಾಟಿದ ಮೇಲೆ ಶುಭವಾಗಿದೆ. ವಿಯೆಟ್ನಾಮಿನಲ್ಲಿ ಟೆಟ್ ಅಂದರೆ ಹೊಸ ವರ್ಷದ ಹಬ್ಬ. ಹಿರಿಯರು ಕಿರಿಯರಿಗೆ ಕೆಂಪು ಲಕೋಟೆಯಲ್ಲಿ ಹಣ ಕೊಡುತ್ತಾರೆ. ಆ ಲಕೋಟೆಗೆ ಅಮೆರಿಕದ ಎರಡು ಡಾಲರ್ ನೋಟು ಬಲು ಶ್ರೇಷ್ಠ ಅಂತ ಅಲ್ಲಿ ನಂಬುತ್ತಾರೆ. ಹಬ್ಬ ಹತ್ತಿರ ಬಂದ ಹಾಗೆ ಹುಡುಕಾಟ ಜೋರಾಗಿ, ಮುಖಬೆಲೆಗಿಂತ ಜಾಸ್ತಿ ಕೊಟ್ಟು ಕೊಳ್ಳುತ್ತಾರೆ. ಇದಕ್ಕೊಂದು ಕಥೆಯೂ ಇದೆ. 1956ರಲ್ಲಿ ಗಾಯಕ ಫ್ರಾಂಕ್ ಸಿನಾಟ್ರಾ ನಟಿ ಗ್ರೇಸ್ ಕೆಲಿಗೆ ಎರಡು ಡಾಲರ್ ನೋಟು ಉಡುಗೊರೆ ಕೊಟ್ಟರಂತೆ, ಆಮೇಲೆ ಆಕೆ ಮೊನಾಕೊ ರಾಜನ ಹೆಂಡತಿಯಾದರಂತೆ. ಮದುವೆಯಾದದ್ದು ನಿಜ. ಉಳಿದದ್ದು ಜನರ ಬಾಯಲ್ಲಿ ಬೆಳೆದ ಕಥೆ.

ಅಮೆರಿಕದಲ್ಲೂ ಈಗ ಮೂಲೆ ಹರಿಯುವವರು ಕಡಿಮೆ. ಅಜ್ಜ ಮೊಮ್ಮಗಳಿಗೆ ಕೊಡುತ್ತಾರೆ. ಮಗುವಿನ ಹಲ್ಲು ಬಿದ್ದ ರಾತ್ರಿ ದಿಂಬಿನ ಕೆಳಗೆ ಇಡುತ್ತಾರೆ. ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಅಚ್ಚಿನ ಮನೆಯಿಂದ ಕತ್ತರಿಸದ ಹಾಳೆಗಳನ್ನೇ ಕೊಂಡು, ಚೀಟಿ ಪುಸ್ತಕದಂತೆ ಕಟ್ಟಿಸಿ, ಒಂದೊಂದೇ ಹರಿದು ಕೊಡುವುದಕ್ಕೆ ಹೆಸರಾದವರು. ಹಾಳೆಯಾಗಿ ಕೊಳ್ಳುವುದು ಪೂರ್ತಿ ಕಾನೂನುಬದ್ಧ. ಒಂದು ಕಾಲಕ್ಕೆ ಜೇಬಿನಲ್ಲಿಡಲು ನಾಚುತ್ತಿದ್ದ ನೋಟು ಈಗ ಪ್ರೀತಿಯಿಂದ ಕೊಡುವ ನೋಟಾಗಿದೆ. ಕಾರಣ ಹಳೆಯದೇ, ಎಲ್ಲೂ ಕಾಣಸಿಗುವುದಿಲ್ಲ ಅನ್ನುವುದು. ಅಂದು ಆ ಕಾರಣಕ್ಕೆ ಹೆದರಿದರು. ಇಂದು ಅದಕ್ಕೇ ಮುದ್ದು ಮಾಡುತ್ತಾರೆ.

ವರ್ಜೀನಿಯಾದ ಬೆಟ್ಟದ ಮೇಲೆ ಜೆಫರ್ಸನ್ ಮನೆ ಮಾಂಟಿಚೆಲ್ಲೊ ಈಗಲೂ ಇದೆ. ನೋಡಲು ಬಂದವರು ಹಣ ಕೊಟ್ಟರೆ ಅಲ್ಲಿ ಚಿಲ್ಲರೆಯಾಗಿ ಎರಡು ಡಾಲರ್ ನೋಟು ಕೊಡುವ ರೂಢಿಯಿದೆ. ಹಾಗೆ ಕೊಡುವ ನೋಟಿನ ಹಿಂಬದಿಯಲ್ಲಿ ಆ ಮನೆಯ ಚಿತ್ರ ಇಲ್ಲ, 1976ರಲ್ಲೇ ತೆಗೆದಾಯಿತು. ನನ್ನ 1953ರ ನೋಟಿನಲ್ಲಿ ಇದೆ. ತಿರುಗಿಸಿ ನೋಡಿದೆ. ಹರಿದ ಮೂಲೆ ಬಲಗಡೆಗೆ ಬಂತು. ಮನೆ, ಅದರ ಕಂಬಗಳು, ಗುಮ್ಮಟ ಎಲ್ಲವೂ ನಡುವಿನಲ್ಲಿ ಹಾಗೇ ಇವೆ.